ಮೂರು ಲ್ಯಾಬ್, ಒಂದೇ ಲಿವರ್: ಜಂಟಿ ಸಂಶೋಧನೆ ನಿಜವಾಗಿ ನಡೆಯುವುದು ಹೇಗೆ?

ಇಮ್ಯುನೋ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಅಂಗಾಂಗ ಕಸಿ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ, ಇಮ್ಯುನಾಲಜಿ ವಿಭಾಗದಲ್ಲಿ. ದಾನಿಯಿಂದ ತೆಗೆದ ಲಿವರನ್ನು ಐಸ್‌ನಲ್ಲಿಡುವ ಬದಲು ಈಗ ಮೆಷಿನ್‌ಗೆ ಜೋಡಿಸಿ ಬೆಚ್ಚಗಿನ ರಕ್ತ ಹರಿಸುತ್ತಾರಲ್ಲ, ಆ ಹೊತ್ತಿನಲ್ಲಿ ಲಿವರ್ ಒಳಗೇ ಉಳಿದಿರುವ ದಾನಿಯ ಬಿಳಿ ರಕ್ತಕಣಗಳು ಏನು ಮಾಡುತ್ತವೆ ಅನ್ನುವುದು ನನ್ನ ಪ್ರಶ್ನೆ.

ಇದು ಮೂರು ವಿಶ್ವವಿದ್ಯಾಲಯಗಳ ಜಂಟಿ ಪ್ರಾಜೆಕ್ಟ್. ಒಂದು ಕಡೆ ಸರ್ಜನ್‌ಗಳು, ಇನ್ನೊಂದು ಕಡೆ ಇಂಜಿನಿಯರ್‌ಗಳು, ಮತ್ತೊಂದು ಕಡೆ ನಾವು. ಒಪ್ಪಂದಕ್ಕೆ ಸಹಿ ಆಗಿದೆ, ಫೋಟೋ ತೆಗೆದಾಗಿದೆ. ಕೆಲಸ ಮಾತ್ರ ಸಾಗುತ್ತಿಲ್ಲ. ನಮಗೆ ಬರುವ ಟ್ಯೂಬ್‌ಗಳ ಮೇಲೆ ಸ್ಯಾಂಪಲ್ ತೆಗೆದ ಸಮಯವೇ ಇರುವುದಿಲ್ಲ. ಮೆಷಿನ್‌ನ ಒತ್ತಡ, ಹರಿವಿನ ಫೈಲ್ ಬರುತ್ತದೆ, ಆದರೆ ಅದರ ಗಡಿಯಾರಕ್ಕೂ ನಮ್ಮ ಸ್ಯಾಂಪಲ್‌ಗಳಿಗೂ ತಾಳೆ ಆಗುವುದಿಲ್ಲ. ಆ ಲಿವರ್ ಪಡೆದವರು ಆಮೇಲೆ ಹೇಗಿದ್ದಾರೆ ಅಂತ ಕೇಳಿದರೆ, ಪೇಪರ್ ಬರೆಯುವಾಗ ನೋಡೋಣ ಅನ್ನುತ್ತಾರೆ. ಪೇಪರ್‌ನಲ್ಲಿ ಮೊದಲ ಹೆಸರು ಯಾರದ್ದು ಅನ್ನುವ ಗುಸುಗುಸು ಮಾತ್ರ ಈಗಲೇ ಶುರುವಾಗಿದೆ.

ಇಂಥ ಜಂಟಿ ಕೆಲಸ ಎಲ್ಲಾದರೂ ಚೆನ್ನಾಗಿ ನಡೆದದ್ದು ಇದೆಯಾ? ನಡೆದಿದ್ದರೆ ಅವರು ಏನು ಮಾಡಿದರು? ಅನುಭವ ಇರುವವರು ದಯವಿಟ್ಟು ಬರೆಯಿರಿ.

ಮೈನಸ್_ಎಂಬತ್ತು

ಟೈಮ್ ಬರೆಯದ ಟ್ಯೂಬ್ ವಾಪಸ್ ಕಳಿಸಿ. ಎರಡು ಸಲ ವಾಪಸ್ ಹೋದರೆ ಮೂರನೇ ಸಲ ಬರೆದೇ ಕಳಿಸುತ್ತಾರೆ.

ಕುತೂಹಲಿ

ನಾನು ಈ ಕ್ಷೇತ್ರದವನಲ್ಲ, ಆಸಕ್ತಿಯಿಂದ ಓದುತ್ತೇನೆ. ಇಷ್ಟೊಂದು ತಲೆನೋವು ಇದ್ದರೆ ಎಲ್ಲವನ್ನೂ ಒಂದೇ ವಿಶ್ವವಿದ್ಯಾಲಯದಲ್ಲಿ ಮಾಡಬಾರದಾ? ಮೂರು ಕಡೆ ಯಾಕೆ ಹಂಚಬೇಕು?

ನೆಫ್ರಾನ್

ಒಳ್ಳೆಯ ಪ್ರಶ್ನೆ. ಆದರೆ ಈ ಕ್ಷೇತ್ರ ಹುಟ್ಟಿದ್ದೇ ಹಂಚಿಕೊಂಡ ಕೆಲಸದಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ಸುಟ್ಟಗಾಯದವರಿಗೆ ಬೇರೆಯವರ ಚರ್ಮ ಹಾಕಿದರೆ ಉದುರಿಹೋಗುತ್ತಿತ್ತು. ಯಾಕೆ ಅಂತ ನೋಡಲು ಪ್ರಾಣಿಶಾಸ್ತ್ರ ಓದಿದ್ದ ಪೀಟರ್ ಮೆಡವಾರ್ ಗ್ಲಾಸ್ಗೋಗೆ ಹೋದರು. ಅಲ್ಲಿ ಥಾಮಸ್ ಗಿಬ್ಸನ್ ಅನ್ನುವ ಪ್ಲಾಸ್ಟಿಕ್ ಸರ್ಜನ್ ಜೊತೆ ಕೂತು ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅದೇ ದಾನಿಯ ಚರ್ಮವನ್ನು ಎರಡನೇ ಸಲ ಹಾಕಿದರೆ ಮೊದಲಿಗಿಂತ ಬೇಗ ಉದುರುತ್ತದೆ. ಅಂದರೆ ದೇಹಕ್ಕೆ ನೆನಪಿದೆ. ಇದು ಪ್ರತಿರೋಧ ವ್ಯವಸ್ಥೆಯ ಕೆಲಸ ಅನ್ನುವ ಸುಳಿವು ಸಿಕ್ಕಿದ್ದು ಅಲ್ಲಿಂದ. 1943ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದರು.

ಗಿಬ್ಸನ್ ಒಬ್ಬರೇ ಇದ್ದಿದ್ದರೆ ರೋಗಿ ಸಿಗುತ್ತಿದ್ದರು, ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ಹಂತಹಂತವಾಗಿ ನೋಡುವ ಪ್ರಾಣಿಶಾಸ್ತ್ರದ ಕಣ್ಣು ಸಿಗುತ್ತಿರಲಿಲ್ಲ. ಮೆಡವಾರ್ ಒಬ್ಬರೇ ಇದ್ದಿದ್ದರೆ ರೋಗಿಯೇ ಇಲ್ಲ.

ಹಠಮಾರಿ

ಸರ್, ಗೌರವದಿಂದಲೇ ಒಪ್ಪುವುದಿಲ್ಲ. ಇತಿಹಾಸ ಓದಿದರೆ ದೊಡ್ಡ ಜಿಗಿತಗಳೆಲ್ಲ ಒಬ್ಬೊಬ್ಬರ ಹಠದಿಂದ ಬಂದದ್ದು. 1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಅವಳಿ ಸೋದರರ ನಡುವೆ ಕಿಡ್ನಿ ಕಸಿ ಮಾಡಿದ್ದು ಜೋಸೆಫ್ ಮರ್ರೆ. 1963ರಲ್ಲಿ ಡೆನ್ವರ್‌ನಲ್ಲಿ ಮನುಷ್ಯರಿಗೆ ಮೊದಲ ಲಿವರ್ ಕಸಿ ಮಾಡಿದ್ದು ಥಾಮಸ್ ಸ್ಟಾರ್ಝಲ್. ಆ ರೋಗಿ ಉಳಿಯಲಿಲ್ಲ. ಆಮೇಲಿನವರೂ ಉಳಿಯಲಿಲ್ಲ. ಕೆಲಸವನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಆದರೂ ಬಿಡದೆ 1967ರಲ್ಲಿ ಮಾಡಿ ತೋರಿಸಿದರು. ಇದನ್ನೆಲ್ಲ ಒಂದು ಸಮಿತಿಗೆ ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಸಮಿತಿ, ಜಂಟಿ ಸಭೆ, ಒಮ್ಮತ ಇವೆಲ್ಲ ವೇಗ ಕೊಲ್ಲುತ್ತವೆ.

ನೆಫ್ರಾನ್

ಮರ್ರೆ ಉದಾಹರಣೆ ನಿಮ್ಮ ವಾದಕ್ಕೆ ಸಹಾಯ ಮಾಡುವುದಿಲ್ಲ. ಆ ರೋಗಿಯನ್ನು ನೋಡಿಕೊಂಡದ್ದು ಕಿಡ್ನಿ ವೈದ್ಯ ಜಾನ್ ಮೆರಿಲ್. ದಾನಿಯ ಕಿಡ್ನಿ ತೆಗೆದದ್ದು ಹಾರ್ಟ್‌ವೆಲ್ ಹ್ಯಾರಿಸನ್. ನಿಜವಾಗಿ ಒಂದೇ ಮೊಟ್ಟೆಯ ಅವಳಿಗಳಾ ಅಂತ ಖಚಿತ ಮಾಡಿಕೊಳ್ಳಲು ಮೊದಲು ಒಬ್ಬರ ಚರ್ಮದ ತುಂಡನ್ನು ಇನ್ನೊಬ್ಬರಿಗೆ ಹಾಕಿ ನೋಡಿದರು. ಆ ಪರೀಕ್ಷೆಯ ಹಿಂದಿರುವುದು ಚರ್ಮ ಕಸಿಯ ವಿಜ್ಞಾನ.

ಅವಳಿ ಅಲ್ಲದವರಿಗೆ ದಾರಿ ಸಿಕ್ಕಿದ್ದು ಇನ್ನೂ ಸ್ವಾರಸ್ಯ. 1959ರಲ್ಲಿ ರಾಬರ್ಟ್ ಶ್ವಾರ್ಟ್ಸ್ ಮತ್ತು ವಿಲಿಯಂ ಡಾಮೆಶೆಕ್ ಅನ್ನುವ ರಕ್ತರೋಗ ತಜ್ಞರು ಮೊಲಗಳಲ್ಲಿ 6-ಮರ್‌ಕ್ಯಾಪ್ಟೊಪ್ಯೂರಿನ್ ಅನ್ನುವ ಔಷಧ ಪ್ರತಿರೋಧವನ್ನು ತಗ್ಗಿಸುತ್ತದೆ ಅಂತ ತೋರಿಸಿದರು. ಅಂಗ ಕಸಿ ಅವರ ವಿಷಯವೇ ಆಗಿರಲಿಲ್ಲ. ಅದನ್ನು ಓದಿದ ಲಂಡನ್‌ನ ಯುವ ಸರ್ಜನ್ ರಾಯ್ ಕಾಲ್ನ್ ನಾಯಿಗಳ ಕಿಡ್ನಿ ಕಸಿಯಲ್ಲಿ ಬಳಸಿದರು. ಮರ್ರೆ ಜೊತೆ ಕೆಲಸ ಮಾಡಲು ಬಾಸ್ಟನ್‌ಗೆ ಹೋಗುವ ದಾರಿಯಲ್ಲಿ, ಆ ಔಷಧ ಸೃಷ್ಟಿಸಿದ್ದ ಜಾರ್ಜ್ ಹಿಚಿಂಗ್ಸ್ ಮತ್ತು ಗರ್ಟ್ರೂಡ್ ಎಲಿಯನ್ ಅವರನ್ನು ಕಂಡರು. ಅವರು ಕೊಟ್ಟ ಹೊಸ ಸಂಯುಕ್ತಗಳಲ್ಲಿ ಒಂದು ಅಜಥಯೋಪ್ರಿನ್. 1962ರಲ್ಲಿ ಮೃತ ದಾನಿಯ ಕಿಡ್ನಿ ಒಬ್ಬ ರೋಗಿಯಲ್ಲಿ ನಿಂತದ್ದು ಅದರಿಂದ. ರಕ್ತರೋಗ, ರಸಾಯನಶಾಸ್ತ್ರ, ಸರ್ಜರಿ, ಮೂರೂ ಬೇಕಾಯಿತು.

ಹಠಮಾರಿ

ಅದು ಜಂಟಿ ಪ್ರಾಜೆಕ್ಟ್ ಅಲ್ಲ ಸರ್. ಒಬ್ಬ ಮನುಷ್ಯ ಓದಿದ, ಹೊರಟ, ಕೇಳಿದ. ಒಪ್ಪಂದ ಇರಲಿಲ್ಲ. ನಾನು ಹೇಳುತ್ತಿರುವುದೂ ಅದನ್ನೇ.

ಬಿ27

ಹಾಗಾದರೆ ನಿಜವಾದ ಜಂಟಿ ಕೆಲಸದ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಆದರೆ ಈ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

1960ರ ದಶಕದ ಆರಂಭ. ಬಿಳಿ ರಕ್ತಕಣಗಳ ಮೇಲೆ ಗುರುತುಗಳಿವೆ, ಕಸಿ ನಿಲ್ಲುವುದಕ್ಕೂ ಅವಕ್ಕೂ ಸಂಬಂಧ ಇದೆ ಅಂತ ಹಲವು ಲ್ಯಾಬ್‌ಗಳಿಗೆ ಅನ್ನಿಸಿತ್ತು. ಪ್ಯಾರಿಸ್‌ನ ಜ್ಯಾನ್ ದೊಸೆ 1958ರಲ್ಲೇ ಒಂದನ್ನು ವಿವರಿಸಿದ್ದರು. ನೆದರ್‌ಲ್ಯಾಂಡ್ಸ್‌ನ ಲೈಡನ್‌ನ ಯೋನ್ ವಾನ್ ರೂಡ್ ಹಲವು ಸಲ ಗರ್ಭಿಣಿಯಾದ ಹೆಂಗಸರ ಸೀರಮ್‌ನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಇವುಗಳ ವಿರುದ್ಧದ ಪ್ರತಿಕಾಯಗಳು ಸಿಗುತ್ತವೆ ಅಂತ ಕಂಡುಕೊಂಡಿದ್ದರು. ಆದರೆ ಪ್ರತಿ ಲ್ಯಾಬ್‌ಗೂ ಅದರದ್ದೇ ಸೀರಮ್, ಅದರದ್ದೇ ವಿಧಾನ, ಅದರದ್ದೇ ಹೆಸರು. ಒಬ್ಬರು ಕಂಡದ್ದು ಇನ್ನೊಬ್ಬರು ಕಂಡದ್ದೇ ಹೌದಾ ಅಂತ ಯಾರಿಗೂ ಗೊತ್ತಿರಲಿಲ್ಲ.

1964ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಬರ್ನಾರ್ಡ್ ಏಮೋಸ್ ಎಲ್ಲರನ್ನೂ ಕರೆದರು. ಭಾಷಣಕ್ಕೆ ಅಲ್ಲ, ಕೆಲಸಕ್ಕೆ. ನಿಮ್ಮ ಸೀರಮ್ ತನ್ನಿ, ನಿಮ್ಮ ವಿಧಾನ ತನ್ನಿ, ಇಲ್ಲಿ ಒಂದೇ ಜನರ ರಕ್ತಕಣಗಳ ಮೇಲೆ ಎಲ್ಲರೂ ಪರೀಕ್ಷೆ ಮಾಡಿ. ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. ಅಷ್ಟು ದೊಡ್ಡವರೆಲ್ಲ ಒಂದೇ ಕೊಠಡಿಯಲ್ಲಿ ನಿಂತು ಅದನ್ನು ಕಣ್ಣಾರೆ ನೋಡಿದರು. ನನ್ನ ಪ್ರಕಾರ ಆ ಕ್ಷೇತ್ರಕ್ಕೆ ಆದ ಅತ್ಯಂತ ಒಳ್ಳೆಯ ಕೆಲಸ ಅದು. ಅದೇ ಹೊತ್ತಿಗೆ ಪಾಲ್ ತೆರಾಸಾಕಿ ಬಹಳ ಕಡಿಮೆ ಸೀರಮ್ ಸಾಕಾಗುವ ಸೂಕ್ಷ್ಮ ಪರೀಕ್ಷೆ ತಂದರು. ಅಪರೂಪದ ಸೀರಮ್ ಹಂಚಿಕೊಳ್ಳುವುದು ಸುಲಭವಾಯಿತು.

1965ರಲ್ಲಿ ಲೈಡನ್, 1967ರಲ್ಲಿ ಟ್ಯೂರಿನ್. ಟ್ಯೂರಿನ್‌ನಲ್ಲಿ ರುಜೇರೊ ಚೆಪ್ಪೆಲ್ಲಿನಿ ಇಡೀ ಕುಟುಂಬಗಳ ರಕ್ತ ಒದಗಿಸಿದರು. ಬೇರೆ ಬೇರೆ ಹೆಸರಿನ ಗುರುತುಗಳೆಲ್ಲ ಒಂದೇ ಆನುವಂಶಿಕ ಪ್ರದೇಶಕ್ಕೆ ಸೇರಿದವು ಅಂತ ಗಟ್ಟಿಯಾದದ್ದು ಅಲ್ಲಿ. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಮಿತಿ ಎಲ್ಲರಿಗೂ ಒಪ್ಪುವ ಹೆಸರು ಕೊಟ್ಟಿತು. ಇವತ್ತು ನಾವೆಲ್ಲ ಎಚ್‌ಎಲ್‌ಎ ಅನ್ನುವುದು ಅದನ್ನೇ.

ಗಮನಿಸಿ, ಇವರು ಒಬ್ಬರಿಗೊಬ್ಬರು ಪ್ರತಿಸ್ಪರ್ಧಿಗಳು. ಸ್ನೇಹ ಮೊದಲು ಬಂದು ಕೆಲಸ ಆಮೇಲೆ ಆದದ್ದಲ್ಲ. ಒಂದೇ ಸ್ಯಾಂಪಲ್ ಎಲ್ಲರ ಕೈಗೂ ಹೋದ ಮೇಲೆ ಜಗಳಕ್ಕೆ ಒಂದು ತೀರ್ಪು ಸಿಗುವಂತಾಯಿತು, ಅಷ್ಟೇ. ಇಮ್ಯುನೋ ಅವರೇ, ನಿಮ್ಮ ಮೂರು ಲ್ಯಾಬ್‌ಗಳೂ ಒಂದೇ ಸ್ಯಾಂಪಲ್ ಹಂಚಿಕೊಂಡು ಪರೀಕ್ಷೆ ಮಾಡಿದ್ದು ಯಾವತ್ತಾದರೂ ಇದೆಯಾ?

ಇಮ್ಯುನೋ_ಹುಡುಗಿ

ಇಲ್ಲ. ಯಾರೂ ಆ ಮಾತೇ ಎತ್ತಿಲ್ಲ. ಸಭೆಯಲ್ಲಿ ಪ್ರತಿಯೊಬ್ಬರೂ ತಮ್ಮ ಸ್ಲೈಡ್ ತೋರಿಸಿ ಕೂರುತ್ತಾರೆ.

ಮೈನಸ್_ಎಂಬತ್ತು

ಅಲ್ಲೇ ಇದೆ ನೋಡಿ ಸಮಸ್ಯೆ. ನಾನು ಲ್ಯಾಬ್ ಟೆಕ್ನಿಷಿಯನ್. ವಿಜ್ಞಾನಿಗಳು ಸಿದ್ಧಾಂತದ ಬಗ್ಗೆ ಜಗಳ ಆಡುತ್ತಾರೆ, ಆದರೆ ವ್ಯತ್ಯಾಸ ಬಂದಿರುವುದು ಸಾಮಾನ್ಯವಾಗಿ ಟ್ಯೂಬ್‌ನಿಂದ. ಒಂದು ಕಡೆ ಇಡಿಟಿಎ ಟ್ಯೂಬ್, ಇನ್ನೊಂದು ಕಡೆ ಹೆಪಾರಿನ್ ಟ್ಯೂಬ್, ಎರಡೂ ರಕ್ತ ಹೆಪ್ಪುಗಟ್ಟದಂತೆ ತಡೆಯುವವು. ಹೆಪಾರಿನ್ ಇದ್ದರೆ ಡಿಎನ್‌ಎಯನ್ನು ಹೆಚ್ಚಿಸಿ ನೋಡುವ ಪಿಸಿಆರ್ ಪರೀಕ್ಷೆ ಸರಿಯಾಗಿ ನಡೆಯುವುದಿಲ್ಲ. ನಿಮ್ಮ ಲಿವರ್ ಮೆಷಿನ್‌ನಲ್ಲಿ ಹರಿಯುವ ದ್ರವಕ್ಕೂ ರಕ್ತ ಹೆಪ್ಪುಗಟ್ಟದಿರಲಿ ಅಂತ ಹೆಪಾರಿನ್ ಹಾಕಿರುತ್ತಾರೆ. ಅದು ನಿಮ್ಮ ಗಮನದಲ್ಲಿದೆಯಾ?

ದಾನಿಯ ಡಿಎನ್‌ಎ ಅಳೆಯುವುದಾದರೆ ಇನ್ನೂ ಜೋಪಾನ. ಕಸಿಯಾದ ಅಂಗಕ್ಕೆ ಪೆಟ್ಟು ಬಿದ್ದಾಗ ದಾನಿಯ ಡಿಎನ್‌ಎ ಚೂರುಗಳು ರೋಗಿಯ ರಕ್ತಕ್ಕೆ ಬರುತ್ತವೆ. ಒಟ್ಟು ಚೂರುಗಳಲ್ಲಿ ದಾನಿಯ ಪಾಲು ಎಷ್ಟು ಅಂತ ನೋಡುತ್ತೇವೆ. ಟ್ಯೂಬ್ ಮೇಜಿನ ಮೇಲೆ ಗಂಟೆಗಟ್ಟಲೆ ಕೂತರೆ ರೋಗಿಯ ಸ್ವಂತ ಬಿಳಿ ರಕ್ತಕಣಗಳು ಒಡೆದು ಅವರ ಡಿಎನ್‌ಎ ಸುರಿಯುತ್ತದೆ. ಆಗ ದಾನಿಯ ಪಾಲು ಕಡಿಮೆ ಕಾಣುತ್ತದೆ. ತಿರಸ್ಕಾರ (ದೇಹ ಕಸಿಯಾದ ಅಂಗವನ್ನು ಒಪ್ಪದೆ ದಾಳಿ ಮಾಡುವುದು) ನಡೆಯುತ್ತಿದ್ದರೂ ರಿಪೋರ್ಟ್ ಚೆನ್ನಾಗಿಯೇ ಬರುತ್ತದೆ. ಇಷ್ಟಕ್ಕೆಲ್ಲ ಕಾರಣ ಟ್ಯೂಬ್ ಕೂತ ಸಮಯ, ಮತ್ತು ಆ ಸಮಯವನ್ನೇ ನಿಮಗೆ ಬರೆದು ಕೊಡುತ್ತಿಲ್ಲ.

ನೆಫ್ರಾನ್

ಮೇಲಿನ ಮಾತನ್ನು ಎಲ್ಲ ಗೈಡ್‌ಗಳೂ ಓದಬೇಕು. ಅಂದಹಾಗೆ ಈ ಪರೀಕ್ಷೆ ಕೂಡ ಜಂಟಿ ಕೆಲಸವೇ. ಭೌತಶಾಸ್ತ್ರದಿಂದ ಬಂದ ಸ್ಟೀಫನ್ ಕ್ವೇಕ್, ಹೃದಯ ತಜ್ಞೆ ಹ್ಯಾನಾ ವ್ಯಾಲಂಟೈನ್, ಇಬ್ಬರೂ ಸ್ಟ್ಯಾನ್‌ಫೋರ್ಡ್. 2011ರಲ್ಲಿ ಹೃದಯ ಕಸಿಯಾದವರ ರಕ್ತದಲ್ಲಿ ಇದನ್ನು ತೋರಿಸಿದರು.

ಪಂಪ್_ಮೇಷ್ಟ್ರು

ಇಂಜಿನಿಯರ್‌ಗಳ ಕಡೆಯಿಂದ ಒಂದು ಮಾತು. ನಮ್ಮನ್ನು ಮೆಷಿನ್ ರಿಪೇರಿಯವರ ಹಾಗೆ ನೋಡಿದರೆ ನಾವೂ ಫೈಲ್ ಕಳಿಸಿ ಸುಮ್ನಾಗುತ್ತೇವೆ. ಪ್ರಶ್ನೆ ಹುಟ್ಟುವ ಹೊತ್ತಿಗೇ ನಮ್ಮನ್ನು ಕರೆಯಬೇಕು.

ಆಕ್ಸ್‌ಫರ್ಡ್‌ನಲ್ಲಿ ಸರ್ಜನ್ ಪೀಟರ್ ಫ್ರೆಂಡ್ ಮತ್ತು ಇಂಜಿನಿಯರ್ ಕಾನ್‌ಸ್ಟಂಟಿನ್ ಕೂಸಿಯೋಸ್ ಸೇರಿ ಬೆಚ್ಚಗೆ ಇಡುವ ಲಿವರ್ ಮೆಷಿನ್ ಬೆಳೆಸಿದರು. 2013ರಲ್ಲಿ ಲಂಡನ್‌ನಲ್ಲಿ ಹಾಗೆ ಇಟ್ಟ ಲಿವರ್ ಮೊದಲ ಸಲ ರೋಗಿಗೆ ಹೋಯಿತು. ಜ್ಯೂರಿಕ್‌ನಲ್ಲಿ ಇನ್ನೂ ಮುಂದೆ ಹೋದರು. ಸರ್ಜನ್‌ಗಳು, ಜೀವಶಾಸ್ತ್ರಜ್ಞರು, ಇಂಜಿನಿಯರ್‌ಗಳು ವರ್ಷಗಟ್ಟಲೆ ಒಟ್ಟಿಗೆ ಕೆಲಸ ಮಾಡಿದರು. ಮೆಷಿನ್ ಸಕ್ಕರೆ ಪ್ರಮಾಣ ತಾನೇ ನೋಡಿಕೊಳ್ಳುತ್ತದೆ, ಕಸ ತೆಗೆಯುತ್ತದೆ. ಉಸಿರಾಡುವಾಗ ವಪೆ ಅಲುಗುವ ಹಾಗೆ ಲಿವರನ್ನೂ ಮೆಲ್ಲಗೆ ಅಲುಗಿಸುತ್ತದೆ. ಅಲುಗಿಸದಿದ್ದರೆ ಒಂದೇ ಜಾಗದಲ್ಲಿ ಒತ್ತಡ ಬಿದ್ದು ಅಂಗಾಂಶ ಸಾಯುತ್ತದೆ. ಅಂಥ ವಿಷಯ ಇಂಜಿನಿಯರ್ ಒಬ್ಬನಿಗೇ ಹೊಳೆಯುವುದಿಲ್ಲ, ಸರ್ಜನ್ ಒಬ್ಬರಿಗೆ ಅದನ್ನು ಕಟ್ಟಲು ಬರುವುದಿಲ್ಲ. 2020ರ ವರದಿಯಲ್ಲಿ, ಯಾರಿಗೂ ಬೇಡವಾಗಿದ್ದ 10 ಮಾನವ ಲಿವರ್‌ಗಳಲ್ಲಿ 6 ಒಂದು ವಾರ ಕೆಲಸ ಮಾಡುತ್ತಾ ಉಳಿದವು. 2021ರಲ್ಲಿ 3 ದಿನ ಮೆಷಿನ್‌ನಲ್ಲಿದ್ದ ಲಿವರನ್ನು ಒಬ್ಬ ರೋಗಿಗೆ ಹಾಕಿದರು.

ಗಡಿಯಾರದ ಸಮಸ್ಯೆಗೆ ಪರಿಹಾರ ಸುಲಭ. ಸ್ಯಾಂಪಲ್ ತೆಗೆಯುವ ಕ್ಷಣದಲ್ಲಿ ಒತ್ತಲು ಮೆಷಿನ್‌ನಲ್ಲೇ ಒಂದು ಗುಂಡಿ ಇಡಿಸಿ. ಒತ್ತಿದರೆ ಫೈಲ್‌ನಲ್ಲಿ ಗುರುತು ಬೀಳುತ್ತದೆ. ನಿಮ್ಮ ಇಂಜಿನಿಯರ್ ತಂಡಕ್ಕೆ ಒಂದು ಮಧ್ಯಾಹ್ನದ ಕೆಲಸ.

ಇಮ್ಯುನೋ_ಹುಡುಗಿ

ಗುಂಡಿಯ ಉಪಾಯ ಅದ್ಭುತ, ಮೇಷ್ಟ್ರೇ. ನಾಳೆಯೇ ಕೇಳುತ್ತೇನೆ.

ಸರಾಸರಿ

ಮೆಷಿನ್‌ಗಳ ಬಗ್ಗೆ ಉತ್ಸಾಹ ಸರಿ, ಆದರೆ ಪೂರ್ತಿ ಲೆಕ್ಕ ಹೇಳಬೇಕು. 2018ರಲ್ಲಿ ನೇಚರ್‌ನಲ್ಲಿ ಬಂದ ಪ್ರಯೋಗದಲ್ಲಿ ಯುರೋಪಿನ ಹಲವು ಕೇಂದ್ರಗಳು ಸೇರಿ 220 ಲಿವರ್ ಕಸಿಗಳನ್ನು ಹೋಲಿಸಿದವು. ಮೆಷಿನ್‌ನಲ್ಲಿಟ್ಟವುಗಳಲ್ಲಿ ಪೆಟ್ಟಿನ ಸೂಚಕ 50% ಕಡಿಮೆ, ಬಳಸದೆ ಬಿಟ್ಟ ಲಿವರ್‌ಗಳ ಪ್ರಮಾಣವೂ ಅರ್ಧ. ಇಟ್ಟುಕೊಂಡ ಸಮಯ 54% ಜಾಸ್ತಿ. ಇದು ದೊಡ್ಡ ಸಂಗತಿ. ಆದರೆ ಲಿವರ್ ಉಳಿದ ಪ್ರಮಾಣದಲ್ಲಿ, ರೋಗಿ ಉಳಿದ ಪ್ರಮಾಣದಲ್ಲಿ ಎರಡು ಗುಂಪಿನ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ನಾನು ಇದನ್ನು ಹೇಳುವುದಕ್ಕೆ ಕಾರಣ ಇದೆ. ಒಂದೇ ಕೇಂದ್ರದಲ್ಲಿ 220 ಸೇರಿಸಲು ವರ್ಷಾನುಗಟ್ಟಲೆ ಬೇಕು. ಕಸಿ ಸಂಶೋಧನೆಯ ದೊಡ್ಡ ಕಷ್ಟವೇ ಸಂಖ್ಯೆ ಕಡಿಮೆ ಇರುವುದು. ಹೈಡಲ್‌ಬರ್ಗ್‌ನಲ್ಲಿ ಗೆರ್ಹಾರ್ಡ್ ಓಪೆಲ್ಝ್ 1982ರಲ್ಲಿ ಶುರು ಮಾಡಿದ ದತ್ತಾಂಶ ಸಂಗ್ರಹಕ್ಕೆ ಹಲವು ದೇಶಗಳ ಕಸಿ ಕೇಂದ್ರಗಳು ಸ್ವಂತ ಇಚ್ಛೆಯಿಂದ ಮಾಹಿತಿ ಕೊಡುತ್ತಾ ಬಂದಿವೆ. ಹಾಗೆ ಕೂಡಿಸದಿದ್ದರೆ ಎಚ್‌ಎಲ್‌ಎ ಹೊಂದಿಕೆಯ ದೀರ್ಘಕಾಲದ ಲಾಭ ಎಷ್ಟು ಅಂತ ಹೇಳುವುದೇ ಕಷ್ಟವಾಗುತ್ತಿತ್ತು.

ಕುತೂಹಲಿ

ಈಗ ಎಐ ಬಂದಿದೆಯಲ್ಲ, ಕಡಿಮೆ ಡೇಟಾ ಇದ್ದರೂ ಕೆಲಸ ಆಗುವುದಿಲ್ಲವಾ?

ಸರಾಸರಿ

ಇಲ್ಲ. ಒಂದೇ ಆಸ್ಪತ್ರೆಯ ಡೇಟಾ ಮೇಲೆ ಕಲಿತ ಮಾದರಿ ಆ ಆಸ್ಪತ್ರೆಯ ಅಭ್ಯಾಸಗಳನ್ನೂ ಕಲಿತಿರುತ್ತದೆ. ಬೇರೆ ಕಡೆ ಹೋದಾಗ ಎಡವುತ್ತದೆ. ಅದಕ್ಕೇ ಇನ್ನೂ ಜಾಸ್ತಿ ಹಂಚಿಕೊಳ್ಳಬೇಕು, ಕಡಿಮೆ ಅಲ್ಲ.

ಕೋಡ್_ಬರೆಯೋನು

ಕಂಪ್ಯೂಟರ್ ವಿಷಯ ಬಂತಲ್ಲ, ನನಗೆ ತುಂಬ ಇಷ್ಟವಾದ ಉದಾಹರಣೆ ಹೇಳುತ್ತೇನೆ. ಕಿಡ್ನಿ ವಿನಿಮಯ. ಹೆಂಡತಿಗೆ ಕಿಡ್ನಿ ಕೊಡಲು ಗಂಡ ಸಿದ್ಧ, ಆದರೆ ಹೊಂದುವುದಿಲ್ಲ. ಇನ್ನೊಂದು ಜೋಡಿಯದ್ದೂ ಇದೇ ಕಷ್ಟ. ಅದಲು ಬದಲು ಮಾಡಿದರೆ ಇಬ್ಬರಿಗೂ ಸಿಗುತ್ತದೆ. ಇಂಥ ಜೋಡಿಗಳು ತುಂಬ ಇದ್ದಾಗ ಯಾರನ್ನು ಯಾರ ಜೊತೆ ಸೇರಿಸಬೇಕು? ಇದು ಅರ್ಥಶಾಸ್ತ್ರದ ಲೆಕ್ಕ. ಆಲ್ವಿನ್ ರಾತ್, ತಯ್ಫುನ್ ಸೋನ್ಮೆಝ್, ಉತ್ಕು ಉನ್ವರ್ 2004ರಲ್ಲಿ ದಾರಿ ತೋರಿಸಿದರು.

ಆಮೇಲೆ ನಡೆದದ್ದು ಮುಖ್ಯ. ಕಸಿ ಸರ್ಜನ್ ಫ್ರಾನ್ಸಿಸ್ ಡೆಲ್‌ಮೊನಿಕೊ ಜೊತೆ ಮಾತಾಡಿದಾಗ, ಹಲವು ಜೋಡಿಗಳನ್ನು ಸುತ್ತಾಗಿ ಸೇರಿಸುವ ಈ ಅರ್ಥಶಾಸ್ತ್ರಜ್ಞರ ಚಂದದ ದೊಡ್ಡ ವರ್ತುಲಗಳು ಆಪರೇಷನ್ ಕೋಣೆಗೆ ಹೊಂದುವುದಿಲ್ಲ ಅಂತ ಗೊತ್ತಾಯಿತು. ಎರಡು ಜೋಡಿ ಅಂದರೆ ನಾಲ್ಕು ಆಪರೇಷನ್, ಎಲ್ಲವೂ ಒಂದೇ ಹೊತ್ತಿಗೆ. ಯಾಕೆ? ತನ್ನವರಿಗೆ ಕಿಡ್ನಿ ಸಿಕ್ಕ ಮೇಲೆ ದಾನಿ ಮನಸ್ಸು ಬದಲಿಸಿದರೆ ಇನ್ನೊಂದು ಜೋಡಿ ಎಲ್ಲವನ್ನೂ ಕಳೆದುಕೊಳ್ಳುತ್ತದೆ. ಅರ್ಥಶಾಸ್ತ್ರಜ್ಞರು ವಾಪಸ್ ಹೋಗಿ, ಎರಡೇ ಜೋಡಿಗಳ ವಿನಿಮಯಕ್ಕೆ ಹೊಸ ಲೆಕ್ಕ ಮಾಡಿದರು. ಆಸ್ಪತ್ರೆಯ ಅಡಚಣೆಯಿಂದ ಸಿದ್ಧಾಂತವೇ ಬದಲಾಯಿತು. 2007ರಲ್ಲಿ ಕಾರ್ನೆಗಿ ಮೆಲನ್‌ನ ಟುಮಾಸ್ ಸ್ಯಾಂಡ್‌ಹೋಮ್ ತಂಡದ ಅಲ್ಗಾರಿದಮ್ 10,000 ಜೋಡಿಗಳ ಮಟ್ಟದಲ್ಲೂ ಓಡಿತು. 2012ರಲ್ಲಿ ರಾತ್‌ಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಲಾಯ್ಡ್ ಶಾಪ್ಲಿ ಜೊತೆ.

ಎರಡನೇ_ಕಿಡ್ನಿ

ನಾನು ವಿಜ್ಞಾನಿ ಅಲ್ಲ. ಕಸಿಯಾದವಳು, ಎರಡನೇ ಸಲದ್ದು. ನಿಮ್ಮ ಚರ್ಚೆ ಓದುತ್ತಾ ಒಂದು ಕಡೆ ಖುಷಿ, ಒಂದು ಕಡೆ ಸಿಟ್ಟು.

ಪ್ರತಿ ಸಲ ಸಂಶೋಧನೆಗೆ ಅಂತ ಒಂದು ಟ್ಯೂಬ್ ಜಾಸ್ತಿ ರಕ್ತ ಕೊಡುತ್ತೇನೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತೇನೆ. ಆ ಟ್ಯೂಬ್ ಯಾರ ಹೆಸರು ಮೊದಲು ಅನ್ನುವ ಜಗಳದಲ್ಲಿ ಫ್ರೀಜರ್‌ನಲ್ಲಿ ಕೂತಿದೆ ಅಂದರೆ ನನಗೆ ಬೇಸರ ಆಗುತ್ತದೆ. ನಾವು ಕೊಟ್ಟದ್ದು ಒಂದು ಲ್ಯಾಬ್‌ಗೆ ಅಲ್ಲ. ಮೃತ ದಾನಿಯ ಮನೆಯವರು ಒಪ್ಪಿದ್ದೂ ಒಂದು ಲ್ಯಾಬ್‌ಗೆ ಅಲ್ಲ.

ಬೇಗ ಕೆಲಸ ಆಗಬೇಕು ಅಂದರೆ ಆಗುತ್ತದೆ. ಕೋವಿಡ್ ಲಸಿಕೆ ಬಂದಾಗ ನಮ್ಮಂಥವರಿಗೆ ಅದು ಕೆಲಸ ಮಾಡುತ್ತದಾ ಅಂತ ಯಾರಿಗೂ ಗೊತ್ತಿರಲಿಲ್ಲ. ಯಾಕೆಂದರೆ ನಾವು ಪ್ರತಿರೋಧ ತಗ್ಗಿಸುವ ಮಾತ್ರೆ ನುಂಗುವವರು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು ಸಾಮಾಜಿಕ ಜಾಲತಾಣಗಳ ಮೂಲಕ ಕಸಿಯಾದವರನ್ನು ಕರೆದರು. 2021ರ ಮಾರ್ಚ್‌ನಲ್ಲೇ 436 ಜನರ ಫಲಿತಾಂಶ ಬಂತು. ಮೊದಲ ಡೋಸ್ ಆದ ಮೇಲೆ ಪ್ರತಿಕಾಯ ಕಂಡದ್ದು 17% ಜನರಲ್ಲಿ ಮಾತ್ರ. ಎರಡನೇ ಡೋಸ್ ಆದ ಮೇಲೆ ನೋಡಿದ 658 ಜನರಲ್ಲಿ 54%. ಆ ಸಂಖ್ಯೆ ನೋಡಿ ನಾನು ಮಾಸ್ಕ್ ಬಿಡಲಿಲ್ಲ. ರೋಗಿಗಳನ್ನು ಸ್ಯಾಂಪಲ್ ಅಂತ ನೋಡದೆ ಜೊತೆಗಾರರು ಅಂತ ನೋಡಿದರೆ ಇಷ್ಟು ಬೇಗ ಆಗುತ್ತದೆ.

ಇಮ್ಯುನೋ_ಹುಡುಗಿ

ಅಕ್ಕಾ, ಇದನ್ನು ನಮ್ಮ ಮುಂದಿನ ಸಭೆಯಲ್ಲಿ ಓದಿ ಹೇಳಬಹುದಾ? ಹೆಸರು ಹೇಳುವುದಿಲ್ಲ.

ಎರಡನೇ_ಕಿಡ್ನಿ

ಖಂಡಿತ ಓದಮ್ಮ.

ಸ್ಲೈಡ್_ನೋಡುವವ

ಪ್ಯಾಥಾಲಜಿಸ್ಟ್ ಆಗಿ ನನ್ನ ಪಾಲು. ಒಂದೇ ಬಯಾಪ್ಸಿ ಸ್ಲೈಡ್ ನೋಡಿ ಒಬ್ಬರು ತಿರಸ್ಕಾರ ಅನ್ನುತ್ತಿದ್ದರು, ಇನ್ನೊಬ್ಬರು ಅಲ್ಲ ಅನ್ನುತ್ತಿದ್ದರು. ಒಂದು ಔಷಧ ಕೆಲಸ ಮಾಡಿತಾ ಅಂತ ಹೇಳುವುದಾದರೂ ಹೇಗೆ? 1991ರಲ್ಲಿ ಕೆನಡಾದ ಬ್ಯಾನ್ಫ್‌ನಲ್ಲಿ ಕಿಮ್ ಸೋಲೆಝ್, ಲೊರೇನ್ ರಾಕುಸೆನ್ ಮೊದಲಾದವರು ಸೇರಿ ಕಿಡ್ನಿ ಬಯಾಪ್ಸಿಗೆ ಒಂದು ಅಳತೆ ಒಪ್ಪಿಕೊಂಡರು. ಕಿಡ್ನಿಯ ಸಣ್ಣ ಕೊಳವೆಗಳ ನಡುವಿನ ಜಾಗದಲ್ಲಿ ಉರಿಯೂತ ಎಷ್ಟು, ಕೊಳವೆಗಳ ಒಳಗೆ ಎಷ್ಟು, ರಕ್ತನಾಳದ ಗೋಡೆಯಲ್ಲಿ ಎಷ್ಟು, ಎಲ್ಲಕ್ಕೂ ಅಂಕ. 1993ರಲ್ಲಿ ಪ್ರಕಟವಾಯಿತು. ಇವತ್ತಿಗೂ ಎರಡು ವರ್ಷಕ್ಕೊಮ್ಮೆ ಸೇರಿ ತಿದ್ದುತ್ತಾರೆ. ನಾನು ಇಲ್ಲಿ ಕೊಡುವ ಅಂಕ ಯಾವ ದೇಶದ ಪ್ಯಾಥಾಲಜಿಸ್ಟ್‌ಗೂ ಅರ್ಥ ಆಗುತ್ತದೆ. ಬಿ27 ಹೇಳಿದ ಮಾತೇ ಇಲ್ಲೂ ಸರಿ. ಅಳತೆ ಒಂದಾದರೆ ಉಳಿದದ್ದು ಮುಂದೆ ಹೋಗುತ್ತದೆ.

ಹಠಮಾರಿ

ಇದೇ ಉದಾಹರಣೆಗೆ ಕಾಯುತ್ತಿದ್ದೆ. ಆ ಒಮ್ಮತದಲ್ಲಿ ಯಾವುದಕ್ಕೆ ಸರಿಯಾದ ಜಾಗ ಸಿಗಲಿಲ್ಲ ಹೇಳಿ? ಪ್ರತಿಕಾಯಗಳಿಂದ ಆಗುವ ತಿರಸ್ಕಾರಕ್ಕೆ. ಎಲ್ಲರೂ ಟಿ ಕೋಶ (ಒಂದು ಬಗೆಯ ಬಿಳಿ ರಕ್ತಕಣ), ಟಿ ಕೋಶ ಅನ್ನುತ್ತಿದ್ದಾಗ ತೆರಾಸಾಕಿ ಪ್ರತಿಕಾಯಗಳನ್ನು ನೋಡಿ ಅಂತ ಒತ್ತಿ ಹೇಳುತ್ತಾ ಬಂದರು. ಜರ್ಮನಿಯಲ್ಲಿ ಫಾಯ್ಖ್ಟ್ 1990ರ ದಶಕದ ಆರಂಭದಲ್ಲೇ, ಪ್ರತಿಕಾಯ ದಾಳಿ ಮಾಡಿದ ಜಾಗದಲ್ಲಿ ಉಳಿಯುವ ಸಿ4ಡಿ ಅನ್ನುವ ಗುರುತನ್ನು ತೋರಿಸಿದ್ದರು. ಬ್ಯಾನ್ಫ್ ಅಳತೆಗೆ ಅದು ಸೇರಿ ಪ್ರಕಟವಾದದ್ದು 2003ರಲ್ಲಿ. ಅಷ್ಟು ವರ್ಷ ಆ ರೋಗಿಗಳ ಕಥೆ ಏನು? ಎಲ್ಲರೂ ಒಂದೇ ಅಳತೆಗೋಲು ಹಿಡಿದರೆ, ಆ ಕೋಲಿಗೆ ಸಿಗದದ್ದು ಯಾರಿಗೂ ಕಾಣುವುದಿಲ್ಲ.

ಸ್ಲೈಡ್_ನೋಡುವವ

ಇದು ಗಟ್ಟಿ ಮಾತು. ತಡವಾದದ್ದು ನಿಜ. ಆದರೆ ಇನ್ನೊಂದು ಮಗ್ಗುಲು ನೋಡಿ. ಸಿ4ಡಿ ಬಗ್ಗೆ ಬೇರೆ ಬೇರೆ ಲ್ಯಾಬ್‌ಗಳು ಪರೀಕ್ಷಿಸಿ ನಂಬಲು ಸಾಧ್ಯವಾದದ್ದು ಉಳಿದ ಅಂಕಗಳು ಎಲ್ಲ ಕಡೆ ಒಂದೇ ಇದ್ದದ್ದರಿಂದ. ಆಮೇಲೆ ಸಿ4ಡಿ ಇಲ್ಲದೆಯೂ ಪ್ರತಿಕಾಯದ ತಿರಸ್ಕಾರ ಆಗಬಹುದು ಅಂತ ತಿಳಿದಾಗ 2013ರ ಪರಿಷ್ಕರಣೆಯಲ್ಲಿ ಅದನ್ನೂ ಸೇರಿಸಿದರು. ಅಳತೆಯನ್ನು ತಿದ್ದುವ ಬಾಗಿಲು ತೆರೆದೇ ಇಡಬೇಕು, ಅದನ್ನು ಒಪ್ಪುತ್ತೇನೆ. ಅಳತೆಯೇ ಬೇಡ ಅನ್ನುವುದನ್ನು ಒಪ್ಪುವುದಿಲ್ಲ.

ಹಠಮಾರಿ

ಬೇಡ ಅನ್ನಲಿಲ್ಲ. ಗುಂಪಿನಲ್ಲಿ ಒಬ್ಬ ಒಪ್ಪದವನಿಗೆ ಜಾಗ ಇರಲಿ ಅನ್ನುತ್ತಿದ್ದೇನೆ. ಅವನ ಮಾತು ವರದಿಯಲ್ಲಿ ದಾಖಲಾಗಲಿ.

ನೆಫ್ರಾನ್

ಇದಕ್ಕೆ ನನ್ನ ಪೂರ್ತಿ ಬೆಂಬಲ.

ಬಿ27

ಹಂದಿ ಹೃದಯದ ವಿಷಯ ಯಾರೂ ತೆಗೆಯಲಿಲ್ಲವಲ್ಲ. 2022ರ ಜನವರಿ 7ರಂದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 10 ಜೀನ್ ಬದಲಾವಣೆ ಇದ್ದ ಹಂದಿಯ ಹೃದಯವನ್ನು ಮನುಷ್ಯನಿಗೆ ಹಾಕಿದರು. ಅದನ್ನು ಕಾಪಾಡಿದ ದ್ರವ, ಪೆಟ್ಟಿಗೆ ಎರಡೂ ಸ್ವೀಡನ್‌ನ ಲುಂಡ್‌ನಲ್ಲಿ ಸ್ಟೀಗ್ ಸ್ಟೀನ್ ಬೆಳೆಸಿದ ವಿಧಾನದ್ದು. ಆ ವಿಧಾನ ಹಂದಿ ಹೃದಯಕ್ಕೆ ಎಷ್ಟು ಮುಖ್ಯ ಅಂತ ಮ್ಯೂನಿಕ್‌ನ ಬ್ರೂನೊ ರೈಖಾರ್ಟ್ ತಂಡ ಬಬೂನ್ ಕೋತಿಗಳಲ್ಲಿ ತೋರಿಸಿತ್ತು. 2018ರಲ್ಲಿ ಅವರ ಬಬೂನ್ 195 ದಿನ ಬದುಕಿತು. ಮೂರು ದೇಶಗಳ ಕೆಲಸ ಒಂದು ಎದೆಯೊಳಗೆ ಸೇರಿತು.

ಅದೇ ಕಥೆಯಲ್ಲಿ ನೋವಿನ ಭಾಗವೂ ಇದೆ. ಆ ರೋಗಿ ಎರಡು ತಿಂಗಳು ಬದುಕಿದರು. ಆ ಹೃದಯದಲ್ಲಿ ಹಂದಿಯ ಸೈಟೊಮೆಗಲೊ ವೈರಸ್ ಇತ್ತು. ಈ ವೈರಸ್ ಇದ್ದ ಹೃದಯ ಪಡೆದ ಬಬೂನ್‌ಗಳು ಬೇಗ ಸಾಯುತ್ತವೆ ಅಂತ ಜರ್ಮನಿಯ ತಂಡ 2020ರಲ್ಲೇ ಬರೆದಿತ್ತು. ಪರೀಕ್ಷೆ ಮಾಡಿದ್ದರು, ಆದರೆ ಅವಿತು ಕೂತ ವೈರಸ್ ಅದರಲ್ಲಿ ಸಿಗಲಿಲ್ಲ. ಒಂದು ಲ್ಯಾಬ್‌ಗೆ ಗೊತ್ತಿರುವ ಪರೀಕ್ಷೆಯ ಸೂಕ್ಷ್ಮ ಇನ್ನೊಂದು ಲ್ಯಾಬ್‌ನ ಮೇಜಿಗೆ ಮುಟ್ಟುವವರೆಗೆ ಪೇಪರ್ ಬಂದರೂ ಸಾಲದು. ಜನ ಓಡಾಡಬೇಕು, ಕೈಯಾರೆ ಕಲಿಸಬೇಕು.

ಪಂಪ್_ಮೇಷ್ಟ್ರು

ಜನ ಓಡಾಡಬೇಕು ಅನ್ನುವುದಕ್ಕೆ ಇನ್ನೊಂದು ಸಾಕ್ಷಿ. ತಿರಸ್ಕಾರ ತಡೆಯುವ ಔಷಧ ಸೈಕ್ಲೋಸ್ಪೋರಿನ್ ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನ ಕಂಪನಿಯಲ್ಲಿ ಸಿಕ್ಕಿದ್ದು. ಕೇಂಬ್ರಿಜ್‌ನಲ್ಲಿ ಕಾಲ್ನ್ ತಂಡಕ್ಕೆ ಪುಡಿ ಬಂತು, ನೀರಲ್ಲಿ ಕರಗುವುದಿಲ್ಲ. ಆಗ ಗ್ರೀಸ್‌ನಿಂದ ಬಂದಿದ್ದ ಆಲ್ಕಿಸ್ ಕೊಸ್ಟಾಕಿಸ್ ಆಲಿವ್ ಎಣ್ಣೆಯಲ್ಲಿ ಕರಗಿಸಿದರು. ಇಲಿಗಳ ಹೃದಯ ಕಸಿಯಲ್ಲಿ ಫಲಿತಾಂಶ ಕಂಡದ್ದು ಹಾಗೆ. ಮಿನೆಸೋಟ ವಿಶ್ವವಿದ್ಯಾಲಯದ ಕಿಡ್ನಿ ಕೆಲಸವನ್ನೂ ನೋಡಿ. ಮೆಕ್ಯಾನಿಕಲ್ ಇಂಜಿನಿಯರ್ ಜಾನ್ ಬಿಶಾಫ್, ಸರ್ಜನ್ ಎರಿಕ್ ಫಿಂಗರ್. ಇಲಿಯ ಕಿಡ್ನಿಯನ್ನು ಗಾಜಿನಂತೆ ಗಟ್ಟಿ ಮಾಡಿ 100 ದಿನದವರೆಗೂ ಇಟ್ಟರು. ಆಮೇಲೆ ಕಬ್ಬಿಣದ ನ್ಯಾನೊ ಕಣ, ಕಾಂತಕ್ಷೇತ್ರ ಬಳಸಿ ಎಲ್ಲ ಕಡೆಯಿಂದ ಸಮನಾಗಿ ಬಿಸಿ ಮಾಡಿ ಕಸಿ ಮಾಡಿದರು. 2023ರ ವರದಿ. ಬಿಸಿ ಮಾಡುವ ಲೆಕ್ಕ ಒಬ್ಬರದ್ದು, ಇಲಿಯ ಸಣ್ಣ ರಕ್ತನಾಳ ಹೊಲಿಯುವ ಕೈ ಇನ್ನೊಬ್ಬರದ್ದು.

ಸರಾಸರಿ

ಹೆಸರಿನ ಜಗಳಕ್ಕೆ ವಾಪಸ್ ಬರೋಣ, ಪ್ರಶ್ನೆ ಕೇಳಿದವರಿಗೆ ಅದು ಬೇಕಿದೆ. ಹೆಸರು ಅಂದರೆ ಬರೀ ಗೌರವ ಅಲ್ಲ, ಹೊಣೆ. ಕೃತಕ ಶ್ವಾಸನಾಳದ ಹಗರಣ ನೆನಪಿದೆಯಾ? ಪಾವೊಲೊ ಮಕ್ಕಿಯಾರಿನಿ 2011ರಲ್ಲಿ ಸ್ವೀಡನ್‌ನ ಕರೊಲಿನ್‌ಸ್ಕಾದಲ್ಲಿ ಮಾಡಿದ ಆಪರೇಷನ್. ಪೇಪರ್‌ಗಳ ಮೇಲೆ ಸಹಲೇಖಕರ ಉದ್ದದ ಪಟ್ಟಿ. ರೋಗಿಗಳ ನಿಜ ಸ್ಥಿತಿ ಪೇಪರ್‌ನಲ್ಲಿ ಬರೆದದ್ದಕ್ಕೆ ಹೊಂದುವುದಿಲ್ಲ ಅಂತ ನಾಲ್ಕು ವೈದ್ಯರು ದೂರು ಕೊಟ್ಟರು. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ಎರಡು ಪೇಪರ್ ಹಿಂಪಡೆದದ್ದು 2018ರಲ್ಲಿ. ಸಹಲೇಖಕರು ಪ್ರತಿಯೊಬ್ಬರೂ ಮೂಲ ದಾಖಲೆ ನೋಡಬೇಕು, ನೋಡುವ ಹಕ್ಕು ಇರಬೇಕು. ನಿಮಗೆ ರೋಗಿಯ ಫಲಿತಾಂಶ ಕೊಡದೆ ಪೇಪರ್‌ಗೆ ಹೆಸರು ಮಾತ್ರ ಹಾಕುತ್ತೇವೆ ಅಂದರೆ ಒಪ್ಪಬೇಡಿ.

ಕೋಡ್_ಬರೆಯೋನು

ನನ್ನ ಅನುಭವದಲ್ಲಿ ಯಾರು ಯಾವ ಕೆಲಸ ಅಂತ ಮೊದಲ ತಿಂಗಳಲ್ಲೇ ಬರೆದಿಟ್ಟರೆ ಅರ್ಧ ಜಗಳ ಹೋಗುತ್ತದೆ. ಕೆಲಸ ಬದಲಾದರೆ ಹಾಳೆ ಬದಲಿಸಿ. ಸಮಾನ ಪಾಲಿದ್ದರೆ ಮೊದಲ ಹೆಸರು ಹಂಚಿಕೊಳ್ಳಬಹುದು, ಈಗ ಜರ್ನಲ್‌ಗಳು ಒಪ್ಪುತ್ತವೆ.

ಹಠಮಾರಿ

ಹಂಚಿಕೊಂಡ ಮೊದಲ ಹೆಸರಲ್ಲೂ ಎರಡನೆಯವರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಪಿಎಚ್‌ಡಿ ವಿದ್ಯಾರ್ಥಿಗೆ ಇದು ಹೊಟ್ಟೆಪಾಡು. ದೊಡ್ಡವರಿಗೆ ಹೇಳಲು ಸುಲಭ. ರೇ ಓವನ್ 1945ರಲ್ಲೇ ಅವಳಿ ಕರುಗಳಲ್ಲಿ ಒಂದರ ರಕ್ತಕಣ ಇನ್ನೊಂದರಲ್ಲಿ ಉಳಿದಿರುವುದನ್ನು ತೋರಿಸಿದ್ದರು. ಬೇರೆಯವರ ಅಂಗಾಂಶವನ್ನು ಸಹಿಸುವಂತೆ ದೇಹಕ್ಕೆ ಕಲಿಸಬಹುದು ಅಂತ ತೋರಿಸಿದ ಮೆಡವಾರ್ ತಂಡದ 1953ರ ಕೆಲಸಕ್ಕೆ ಅದೇ ಬುನಾದಿ. 1960ರ ನೊಬೆಲ್ ಮೆಡವಾರ್ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿ ಬರ್ನೆಟ್‌ಗೆ ಹೋಯಿತು, ಓವನ್‌ಗೆ ಇಲ್ಲ. ಇಮ್ಯುನೋ ಅವರೇ, ನಿಮ್ಮ ಪಾಲು ಬರಹದಲ್ಲಿ ತೆಗೆದುಕೊಳ್ಳಿ. ಸಂಕೋಚ ಬೇಡ.

ಇಮ್ಯುನೋ_ಹುಡುಗಿ

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಗೈಡ್ ಜೊತೆ ಮಾತಾಡಿದೆ. ಮುಂದಿನ ಲಿವರ್ ಬರುವ ಮುಂಚೆ ಒಂದೇ ದ್ರವವನ್ನು ಮೂರು ಪಾಲು ಮಾಡಿ, ಸಂಕೇತ ಹಾಕಿ ಮೂರೂ ಲ್ಯಾಬ್‌ಗೆ ಕಳಿಸುತ್ತೇವೆ. ಉತ್ತರಗಳನ್ನು ಸಭೆಯಲ್ಲಿ ಒಟ್ಟಿಗೆ ತೆರೆಯುವುದು. ಗುಂಡಿ ಇಡಲು ಇಂಜಿನಿಯರ್ ತಂಡ ಒಪ್ಪಿದೆ. ಲೇಖಕರ ಹಾಳೆಗೆ ಸರ್ಜರಿ ತಂಡ ಇನ್ನೂ ಒಪ್ಪಿಲ್ಲ, ಅವರ ಗುರುಗಳನ್ನು ಕೇಳಬೇಕಂತೆ. ಕಸಿಯಾದವರ ಪ್ರತಿನಿಧಿ ಒಬ್ಬರನ್ನು ಸಭೆಗೆ ಕರೆಯುವುದಕ್ಕೆ ಯಾರೂ ಬೇಡ ಅನ್ನಲಿಲ್ಲ.

ಮೈನಸ್_ಎಂಬತ್ತು ಅವರೇ, ಪಾಲು ಮಾಡಿದ್ದನ್ನು ಹಾಗೆಯೇ ಫ್ರೀಜ್ ಮಾಡಿ ಕಳಿಸಬಹುದಾ?

ಮೈನಸ್_ಎಂಬತ್ತು

ಬೇಡ. ಕಣಗಳಿರುವ ದ್ರವವನ್ನು ಹಾಗೆಯೇ ಫ್ರೀಜ್ ಮಾಡಿದರೆ ಕಣಗಳೆಲ್ಲ ಒಡೆಯುತ್ತವೆ. ಮೊದಲು ಸೆಂಟ್ರಿಫ್ಯೂಜ್‌ನಲ್ಲಿ (ವೇಗವಾಗಿ ತಿರುಗಿಸಿ ಕಣ ಬೇರ್ಪಡಿಸುವ ಯಂತ್ರ) ನಿಧಾನಕ್ಕೆ ಒಂದು ಸಲ ತಿರುಗಿಸಿ, ಮೇಲಿನದ್ದನ್ನು ಬೇರೆ ಟ್ಯೂಬ್‌ಗೆ ತೆಗೆಯಿರಿ, ಆಮೇಲೆ ಜೋರಾಗಿ ಇನ್ನೊಂದು ಸಲ. ತಳ ಮುಟ್ಟಬೇಡಿ. ಸಣ್ಣ ಸಣ್ಣ ಪಾಲು ಮಾಡಿ ಫ್ರೀಜ್ ಮಾಡಿ, ಒಂದೇ ಟ್ಯೂಬನ್ನು ಕರಗಿಸಿ ಮತ್ತೆ ಫ್ರೀಜ್ ಮಾಡುವ ಹಾಗೆ ಆಗಬಾರದು. ಡ್ರೈ ಐಸ್‌ನಲ್ಲಿ ಕಳಿಸಿ. ಹೆಪಾರಿನ್‌ ಒಡೆಯುವ ಕಿಣ್ವ ಹೆಪಾರಿನೇಸ್ ಹಾಕುವುದಾದರೆ ಮೂರೂ ಕಡೆ ಒಂದೇ ಪ್ರಮಾಣ. ಜೀವಂತ ಕಣಗಳೇ ಬೇಕು ಅಂದರೆ ಅದು ಬೇರೆ ವಿಧಾನ, ಅದನ್ನು ಪ್ರತ್ಯೇಕ ಕೇಳಿ, ಬರೆಯುತ್ತೇನೆ.